ಮಳೆ ಹಿಡಿದ ಗೋಡೆ, ಬಿಸಿಲು ತಿಂದ ಗೋಡೆ: ಹಳೇ ಕಟ್ಟಡಗಳನ್ನು ಕ್ಯಾಲೆಂಡರ್ ಚಿತ್ರ ಆಗದ ಹಾಗೆ ಬರೆಯುವುದು ಹೇಗೆ?

ಒದ್ದೆ ಕುಂಚ:

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಕೆಲಸ, ರಜೆ ಸಿಕ್ಕಾಗ ಜಲವರ್ಣ. ಹೋದ ಜುಲೈಯಲ್ಲಿ ಕುಮಟಾ ಹತ್ತಿರದ ಮಿರ್ಜಾನ್ ಕೋಟೆಗೆ ಹೋಗಿ ಕೂತು ಬರೆದೆ. ಬೇಸಿಗೆಯಲ್ಲಿ ನೋಡಿದವರಿಗೆ ಅದೇ ಕೋಟೆ ಅಂತ ನಂಬೋದು ಕಷ್ಟ. ಬುರುಜು, ಮೆಟ್ಟಿಲು, ಕಂದಕದ ಅಂಚು ಎಲ್ಲ ಹಸಿರು.

ಚಿತ್ರ ನೋಡಿ ಮನೆಯವರು ಚೆನ್ನಾಗಿದೆ ಅಂದರು. ನನಗೆ ಸಮಾಧಾನ ಇಲ್ಲ. ಹಸಿರು ಗೋಡೆ, ಬೂದು ಆಕಾಶ, ಮುಂದೆ ಒಂದು ಕೊಡೆ. ಬ್ಯಾಂಕಿನವರು ಕೊಡುವ ಕ್ಯಾಲೆಂಡರಿನ ಜುಲೈ ಪುಟಕ್ಕೆ ಸರಿಯಾಗಿ ಹೊಂದುತ್ತದೆ. ಅದು ಮಿರ್ಜಾನೇ ಆಗಬೇಕಿಲ್ಲ, ಯಾವ ಕೋಟೆಯಾದರೂ ನಡೆಯುತ್ತದೆ.

ಹಳೇ ಕಟ್ಟಡದ ಮುಂದೆ ಕೂತಾಗ ನೀವು ಮೊದಲು ಏನು ನೋಡುತ್ತೀರಿ? ಕಾಲ ಬದಲಾದಾಗ ಅದೇ ಜಾಗಕ್ಕೆ ಮತ್ತೆ ಹೋಗುತ್ತೀರಾ? ಬಣ್ಣ, ಪೇಪರ್ ವಿಷಯವೂ ಬೇಕು, ಆದರೆ ಅದು ಆಮೇಲೆ.

ಚಿರೆಕಲ್ಲು:

ನಾನು ಅದೇ ಕಡೆಯವನು. ಬೇಜಾರು ಮಾಡಿಕೊಳ್ಳಬೇಡಿ, ನೇರವಾಗಿ ಹೇಳುತ್ತೇನೆ. ನೀವು ಹಸಿರು ನೋಡಿದ್ದೀರಿ, ನೀರು ನೋಡಿಲ್ಲ.

ಹಸಿರು ಎಲ್ಲ ಕಡೆ ಒಂದೇ ಥರ ಇರುವುದಿಲ್ಲ ಮಾರಾಯ್ರೆ. ಗೋಡೆಯ ತಲೆ ಮೇಲೆ ಮಳೆ ನಿಲ್ಲುತ್ತದೆ, ಮಣ್ಣೂ ಕೂತಿರುತ್ತದೆ. ಅಲ್ಲಿ ಹುಲ್ಲು, ಜರಿಗಿಡ. ಕಲ್ಲು ಕಲ್ಲಿನ ಸಂದಿನಲ್ಲಿ ನೀರು ಇಂಗಿ ಉಳಿಯುತ್ತದೆ. ಅಲ್ಲಿ ಹಾವಸೆ ದಪ್ಪ, ದೂರದಿಂದ ನೋಡಿದರೆ ಕಟ್ಟಡದ ಮೇಲೆ ಹಸಿರು ಗೆರೆ ಎಳೆದಂತೆ ಸಾಲು ಸಾಲಾಗಿ ಕಾಣುತ್ತದೆ. ಕಲ್ಲಿನ ಮುಖದ ಮೇಲೆ ತೆಳು ಪೊರೆ ಅಷ್ಟೇ. ಬಾಗಿಲ ಕಮಾನಿನ ಒಳಗೆ ಮಳೆ ಬೀಳುವುದಿಲ್ಲ, ಅಲ್ಲಿ ಜುಲೈಯಲ್ಲೂ ಕೆಂಪು ಕಲ್ಲೇ. ಮೆಟ್ಟಿಲಿನ ನಡುವೆ ಜನರ ಕಾಲು ಬಿದ್ದು ಕಲ್ಲು ತೆರೆದಿರುತ್ತದೆ, ಎರಡು ಬದಿಗೆ ಹಸಿರು.

ಇನ್ನೊಂದು ವಿಷಯ. ಕರಾವಳಿಯಲ್ಲಿ ಮುಂಗಾರು ಬರುವುದು ನೈಋತ್ಯದಿಂದ. ಕಟ್ಟಡದ ಪಡುವಣ ಗೋಡೆಯೇ ಪೆಟ್ಟು ತಿನ್ನುವುದು. ಊರಲ್ಲಿ ಹಳೇ ಮನೆಗಳ ಪಡುವಣ ಗೋಡೆಗೆ ಮಳೆಗಾಲಕ್ಕೆ ತಟ್ಟಿ ಕಟ್ಟುತ್ತಿದ್ದದ್ದು ಅದಕ್ಕೇ. ಒಂದೇ ಬುರುಜಿನ ಎರಡು ಬದಿ ಎರಡು ಬಣ್ಣ ಇರುತ್ತದೆ. ಬೇರೆಯವರಿಗೆ ಅದು ನೆರಳಿನ ಹಾಗೆ ಕಾಣಬಹುದು, ಆದರೆ ಅದು ಗಾಳಿಯ ದಿಕ್ಕು.

ಇಷ್ಟು ಬರೆದರೆ ಆ ಕೋಟೆ ಬೇರೆ ಕೋಟೆ ಆಗುವುದಿಲ್ಲ. ಮತ್ತೆ ಬೇಸಿಗೆಯಲ್ಲಿ ಬನ್ನಿ. ಆಗ ಗೋಡೆಯ ಮೇಲೆ ಕಾಣುವ ಕಪ್ಪು ಇದೆಯಲ್ಲ, ಅದು ಬಹುಪಾಲು ಹೋದ ವರ್ಷದ ಹಸಿರೇ. ಒಣಗಿ ಕಪ್ಪಾಗಿ ಅಂಟಿಕೊಂಡಿರುತ್ತದೆ. ಹೊಸ ಮಳೆ ಬಿದ್ದ ಕೆಲವೇ ದಿನದಲ್ಲಿ ಅದೇ ಜಾಗದಿಂದ ಮತ್ತೆ ಚಿಗುರುತ್ತದೆ. ಹಾಗಾಗಿ ಏಪ್ರಿಲ್ ತಿಂಗಳಲ್ಲಿ ಕಪ್ಪು ಎಲ್ಲೆಲ್ಲಿ ಇದೆ ಅಂತ ಪೆನ್ಸಿಲಲ್ಲಿ ಗುರುತು ಮಾಡಿಕೊಂಡರೆ ಜುಲೈ ಚಿತ್ರದ ನಕ್ಷೆ ಕೈಯಲ್ಲಿದ್ದ ಹಾಗೇ.

ಗಾರೆ ಕೆಲಸ:

ಚಿರೆಕಲ್ಲು ಅಣ್ಣ ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ. ನಮ್ಮದು ಗಾರೆ ಕೆಲಸದ ಮನೆತನ, ನಾನು ಚಿತ್ರ ಬರೆಯುವವನಲ್ಲ. ಸುಮ್ನೆ ಓದಲು ಬರುತ್ತೇನೆ.

ಸುಣ್ಣದ ಗಾರೆ ಗೋಡೆ ಮೇಲೆ ಕಿಟಕಿ ಕೆಳಗೆ, ಸಜ್ಜದ ತುದಿ ಕೆಳಗೆ, ನೀರು ಬೀಳುವ ದೋಣಿ ಕೆಳಗೆ ಕಪ್ಪು ಪಟ್ಟೆ ಇಳಿದಿರುತ್ತದೆ, ಕಾಡಿಗೆ ಕರಗಿ ಇಳಿದ ಹಾಗೆ. ಜನ ಅದನ್ನು ಕೊಳೆ ಅಂದುಕೊಳ್ಳುತ್ತಾರೆ. ಅದು ಜೀವ ಇರುವಂಥದ್ದು, ಪಾಚಿಯ ಹತ್ತಿರದ ಜಾತಿಯ ಸೂಕ್ಷ್ಮಜೀವಿ. ಬಿಸಿಲಿನಿಂದ ತನ್ನನ್ನು ಕಾಪಾಡಿಕೊಳ್ಳಲು ಕಪ್ಪು ಬಣ್ಣ ಕಟ್ಟಿಕೊಳ್ಳುತ್ತದೆ. ಹಂಪಿಯ ಬಂಡೆಗಳ ಮೇಲೆ ಮೇಲಿನಿಂದ ಕೆಳಗೆ ಇಳಿದ ಕಪ್ಪು ಪಟ್ಟೆ ನೋಡಿದ್ದೀರಲ್ಲ, ಅದೂ ಮಳೆನೀರು ಹರಿದ ದಾರಿಯೇ.

ಇನ್ನು ಗೋಡೆಯ ಬುಡ. ನೆಲದಿಂದ ತೇವ ಏರಿ ಗೋಡೆಯಲ್ಲಿ ಒಣಗಿದಾಗ ಉಪ್ಪು ಹೊರಗೆ ಬರುತ್ತದೆ. ಬಿಳಿ ಪುಡಿ, ಅದರ ಮೇಲೆ ಗಾರೆ ಪದರ ಪದರವಾಗಿ ಏಳುತ್ತದೆ. ಇದು ಮಳೆಗಾಲದಲ್ಲಿ ಅಷ್ಟು ಕಾಣುವುದಿಲ್ಲ, ಚಳಿಗಾಲ ಕಳೆದು ಗೋಡೆ ಒಣಗುವಾಗ ಜಾಸ್ತಿ. ಅಂದರೆ ಒಂದೇ ಗೋಡೆಗೆ ಜುಲೈಯಲ್ಲಿ ತಲೆಯಿಂದ ಕೆಲಸ, ಫೆಬ್ರವರಿಯಲ್ಲಿ ಬುಡದಿಂದ ಕೆಲಸ.

ಸಿಮೆಂಟು ಬಳಿದ ಹಳೇ ಗೋಡೆ ಬರೆಯುವಾಗ ಇನ್ನೊಂದು ನೋಡಿ. ಸುಣ್ಣದ ಗಾರೆ ಒಳಗಿನ ತೇವ ಹೊರಗೆ ಬಿಡುತ್ತದೆ. ಸಿಮೆಂಟು ಬಿಡುವುದಿಲ್ಲ. ತೇವ ಪಕ್ಕಕ್ಕೆ, ಮೇಲಕ್ಕೆ ದಾರಿ ಹುಡುಕುತ್ತದೆ. ಅದಕ್ಕೇ ತೇಪೆ ಹಾಕಿದ ಜಾಗ ಗಟ್ಟಿಯಾಗಿ ನಿಂತು ಅದರ ಸುತ್ತ ಹಳೇ ಗಾರೆ ಉದುರಿರುತ್ತದೆ.

ಒದ್ದೆ ಕುಂಚ:

ಅಬ್ಬಾ. ನಾನು ಆ ಕಪ್ಪು ಪಟ್ಟೆಗಳನ್ನು ಚಿತ್ರದಲ್ಲಿ ಬೇಕಂತಲೇ ಬಿಟ್ಟಿದ್ದೆ, ಗಲೀಜು ಕಾಣುತ್ತದೆ ಅಂತ. ಇಬ್ಬರಿಗೂ ಧನ್ಯವಾದ.

ಡ್ರಾಯಿಂಗ್ ಮೇಷ್ಟ್ರು:

ಮಕ್ಕಳಿಗೆ ಚಿತ್ರ ಕಲಿಸಿ ನಿವೃತ್ತನಾದವನು ನಾನು. ಊರು ಮೈಸೂರು ಸೀಮೆ.

'ಸ್ಫೂರ್ತಿ ಎಲ್ಲಿಂದ' ಅಂತ ಕೇಳುವವರಿಗೆ ನಾನು ಹೇಳುವ ಒಂದೇ ಉಪಾಯ: ಒಂದು ಕಟ್ಟಡ ಹಿಡಿದುಕೊಳ್ಳಿ, ಮಳೆ ನಕ್ಷತ್ರದ ಲೆಕ್ಕದಲ್ಲಿ ಅದನ್ನೇ ಬರೆಯಿರಿ. ನಮ್ಮ ರೈತರ ಲೆಕ್ಕ ಇದೆಯಲ್ಲ. ರೋಹಿಣಿ, ಮೃಗಶಿರ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ, ಮಘಾ, ಹುಬ್ಬಾ, ಉತ್ತರಾ, ಹಸ್ತ, ಚಿತ್ತಾ, ಸ್ವಾತಿ. ಒಂದೊಂದು ಮಳೆ 13-14 ದಿನ. ಆರಿದ್ರಾ ಜೂನ್ 21-22ರ ಹೊತ್ತಿಗೆ ಹುಟ್ಟುತ್ತದೆ, ಚಿತ್ತಾ ಅಕ್ಟೋಬರ್ ನಡುವೆ. ಗೋಡೆ ಗಡಿಯಾರ ಹಾಕಿರುವ ಯಾವ ಮನೆಯಲ್ಲೂ ಪಂಚಾಂಗ ಅಥವಾ ಮಳೆ ನಕ್ಷತ್ರ ಬರೆದ ಕ್ಯಾಲೆಂಡರ್ ಸಿಗುತ್ತದೆ. ಒಂದು ನಕ್ಷತ್ರಕ್ಕೆ ಒಂದು ಪುಟ. ಮಳೆ ಬರಲಿ ಬಾರದಿರಲಿ ಪುಟ ತುಂಬಬೇಕು. ಮಳೆ ಬಾರದ ಪುಷ್ಯವೂ ಒಂದು ಚಿತ್ರವೇ ಅಲ್ವಾ?

'ಮಳೆಗಾಲ' ಅಂತ ಒಂದೇ ಹೆಸರಲ್ಲಿ ನೋಡಿದರೆ ಎಲ್ಲ ಬೂದು ಆಗುತ್ತದೆ. ಆಶ್ಲೇಷದ ಮೋಡ ಬೇರೆ, ಉತ್ತರೆಯ ಮೋಡ ಬೇರೆ. ನಮ್ಮ ಕಡೆ ಉತ್ತರೆ, ಹಸ್ತಕ್ಕೆ ಮಧ್ಯಾಹ್ನ ಬಿಸಿಲು, ಸಂಜೆ ಗುಡುಗು. ಒದ್ದೆ ಗೋಡೆ ಮೇಲೆ ಓರೆ ಬಿಸಿಲು ಬೀಳುವುದು ಆಗಲೇ. ನನ್ನ ಮಟ್ಟಿಗೆ ವರ್ಷದಲ್ಲೇ ಒಳ್ಳೇ ಬೆಳಕು ಅದು.

ಇದು ಹೊಸ ಬುದ್ಧಿವಂತಿಕೆ ಏನಲ್ಲ. ಕೆ. ವೆಂಕಟಪ್ಪನವರು (1886-1965) ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಹತ್ತಿರ ಕಲಿತು ಬಂದವರು. ಅವರ ಊಟಿಯ ಜಲವರ್ಣಗಳನ್ನು ನೋಡಿ. ಊಟಿ ಅಂದರೆ ಸಾಕು ನಾವು ಹೂವಿನ ತೋಟ ಬರೆಯುತ್ತೇವೆ. ಅವರು ಬರೆದದ್ದು ಮೋಡ, ಮಂಜು, ಬೆಳಕು ತೆರೆದುಕೊಳ್ಳುವ ಹೊತ್ತು. ರುಮಾಲೆ ಚೆನ್ನಬಸವಯ್ಯನವರು (1910-1988) ಬೆಂಗಳೂರಿನ ಹೂಮರಗಳನ್ನು ಬಯಲಲ್ಲೇ ನಿಂತು ಬರೆದವರು. ಸ್ವಾತಂತ್ರ್ಯ ಹೋರಾಟದಲ್ಲಿದ್ದ ಮನುಷ್ಯ, ಗುಲ್‌ಮೊಹರ್, ಜಕರಾಂಡ ಹೂ ಬಿಟ್ಟ ಕಾಲಕ್ಕೆ ಕುಂಚ ಹಿಡಿದು ರಸ್ತೆಗೆ ಬರುತ್ತಿದ್ದರು. ಬೆಂಗಳೂರಿನಲ್ಲಿ ಒಂದಾದ ಮೇಲೊಂದು ಮರ ಹೂ ಬಿಡುವ ಹಾಗೆ ನೆಡಿಸಿದ್ದು ಲಾಲ್‌ಬಾಗ್ ನೋಡಿಕೊಂಡ ಜರ್ಮನಿಯ ಕ್ರುಂಬೀಗಲ್. ಒಬ್ಬರು ನೆಟ್ಟರು, ಇನ್ನೊಬ್ಬರು ಆ ಲೆಕ್ಕವನ್ನು ಕ್ಯಾನ್ವಾಸಿಗೆ ಇಳಿಸಿದರು.

ಒದ್ದೆ ಕುಂಚ ಅವರೇ, ನೀವು ಬೆಂಗಳೂರಿನಲ್ಲೇ ಇದ್ದು ಪದೇ ಪದೇ ಕುಮಟೆಗೆ ಹೋಗುವುದು ಕಷ್ಟ. ಮನೆ ಹತ್ತಿರದ ಒಂದು ಹಳೇ ಕಾಂಪೌಂಡ್ ಗೋಡೆ ಸಾಕು.

ತೊಟ್ಟಿಮನೆ:

ಮೇಷ್ಟ್ರೇ, ಎಲ್ಲರೇ, ಈ ಚರ್ಚೆ ಓದುತ್ತಾ ನನಗೆ ಸ್ವಲ್ಪ ಕೋಪ ಬಂತು. ಹೇಳಿಬಿಡುತ್ತೇನೆ.

ನಮ್ಮದು ತೀರ್ಥಹಳ್ಳಿ ಕಡೆ ಒಂದು ಹಳೇ ತೊಟ್ಟಿಮನೆ. ಅಪ್ಪ, ಅಮ್ಮ ಇಬ್ಬರೇ ಅಲ್ಲಿದ್ದಾರೆ. ಮಳೆಗಾಲ ಬಂತು ಅಂದರೆ ಕ್ಯಾಮೆರಾ, ಸ್ಕೆಚ್ ಪುಸ್ತಕ ಹಿಡಿದು ಯಾರಾದರೂ ಬರುತ್ತಾರೆ. 'ಎಷ್ಟು ಚೆಂದ ಹಾವಸೆ ಹಿಡಿದಿದೆ' ಅನ್ನುತ್ತಾರೆ. ಆ ಹಾವಸೆ ಹಿಡಿದದ್ದು ಯಾಕೆ ಗೊತ್ತಾ? ನಾಡಹೆಂಚಿನ ಮಾಡು. ಪ್ರತಿ ವರ್ಷ ಮಳೆಗೆ ಮುಂಚೆ ಹೆಂಚು ಇಳಿಸಿ, ಒಡೆದದ್ದು ತೆಗೆದು, ಕೊಳೆತ ರೀಪು ಬದಲಿಸಿ ಮತ್ತೆ ಹೊದಿಸಬೇಕು. ಆ ಕೆಲಸ ಬಲ್ಲವರು ಈಗ ಸಿಗುವುದಿಲ್ಲ. ಸಿಕ್ಕರೂ ಕೂಲಿ ಕೊಟ್ಟು ಪೂರೈಸುವುದಿಲ್ಲ. ನಾಡಹೆಂಚು ಮಾಡುವವರೂ ಇಲ್ಲ. ಒಂದು ಕಡೆ ಸೋರಿದರೆ ತೊಲೆ ಹೋಯಿತು, ತೊಲೆ ಹೋದರೆ ಗೋಡೆ ಹೋಯಿತು.

ನೀವು 'ಗೋಡೆಯ ಗೆರೆ' ಅನ್ನುವುದನ್ನು ನಮ್ಮ ಮನೆಯಲ್ಲಿ 'ಸೋರಿಕೆ' ಅನ್ನುತ್ತಾರೆ. ಮಗ್ಗುಲಲ್ಲಿ ತಪ್ಪಲೆ ಇಟ್ಟುಕೊಂಡು ಮಲಗುತ್ತಾರೆ. ಒಬ್ಬರಂತೂ ನಾವು ತಗಡು ಹಾಕಿಸಿದ್ದಕ್ಕೆ 'ಹಾಳು ಮಾಡಿಬಿಟ್ಟಿರಿ' ಅಂತ ಅಪ್ಪನಿಗೇ ಹೇಳಿ ಹೋದರು.

ಚಿತ್ರ ಬರೆಯಬೇಡಿ ಅಂತಲ್ಲ. ಆದರೆ ಬೀಳುತ್ತಿರುವುದೇ ಚೆಂದ ಅನ್ನುವ ಮಾತು ನನಗೆ ಹಿಡಿಸುವುದಿಲ್ಲ.

ಚಿರೆಕಲ್ಲು:

ಅಕ್ಕ, ನೀವು ಹೇಳಿದ್ದು ಸತ್ಯ. ಕೋಟೆಯಲ್ಲಿ ಯಾರೂ ಮಲಗುವುದಿಲ್ಲ, ಅಲ್ಲಿ ಹಾವಸೆ ನೋಡಿ ಖುಷಿ ಪಡಬಹುದು. ಮನೆಯ ವಿಷಯ ಬೇರೆ.

ಬಾನುಲಿ:

ನಾನು ಸ್ವಲ್ಪ ಬೇರೆ ಹೇಳುತ್ತೇನೆ. ಚಿತ್ರಕಾರನ ಕೆಲಸ ಮನೆ ರಿಪೇರಿ ಅಲ್ಲ. ಚೆಂದ ಕಂಡರೆ ಚೆಂದ ಅನ್ನುವುದೂ ತಪ್ಪಾ? ಹಾಗೆ ನೋಡಿದರೆ ಬಡತನ, ಬರ, ಹಾಳೂರು ಯಾವುದನ್ನೂ ಬರೆಯುವ ಹಾಗಿಲ್ಲ.

ತೊಟ್ಟಿಮನೆ:

ಚೆಂದ ಅನ್ನುವುದು ತಪ್ಪಲ್ಲ. ತಗಡು ಹಾಕಿಸಿದವರಿಗೆ ಬೈಯುವುದು ತಪ್ಪು.

ಡ್ರಾಯಿಂಗ್ ಮೇಷ್ಟ್ರು:

ಆ ತಗಡನ್ನೂ ಚಿತ್ರದಲ್ಲಿ ಬರೆಯಬೇಕು ಅನ್ನುತ್ತೇನೆ ನಾನು. ನೀಲಿ ಟಾರ್ಪಾಲು, ತಗಡು, ಪಿವಿಸಿ ಪೈಪು, ಡಿಶ್ ಎಲ್ಲ ಬಿಟ್ಟು ಹಳೇ ಹೆಂಚು ಮಾತ್ರ ಬರೆದಾಗಲೇ ಅದು ಕ್ಯಾಲೆಂಡರ್ ಆಗುವುದು. ಮಲೆನಾಡಿನ ಜುಲೈ ತಿಂಗಳಿಗೆ ನೀಲಿ ಟಾರ್ಪಾಲು ಒಂದು ಋತುವಿನ ಗುರುತೇ. ಹಿಂದೆ ಸೋಗೆ ತಟ್ಟಿ ಇರುತ್ತಿತ್ತು, ಈಗ ಅದು. ಬೂದು ಹಸಿರಿನ ನಡುವೆ ಆ ನೀಲಿ ಎಷ್ಟು ಜೋರಾಗಿ ಕಾಣುತ್ತದೆ ಅಂದರೆ, ಯಾವ ಚಿತ್ರಕಾರನಿಗೂ ಕೈ ತುರಿಸಬೇಕು.

ಗಾರೆ ಕೆಲಸ:

ತೊಟ್ಟಿಮನೆ ಅಕ್ಕ, ಒಂದು ಉಪಯೋಗದ ಮಾತು. ಚಿತ್ರ ಬರೆಯಲು ಬಂದವರಿಗೆ ಚಹಾ ಕೊಟ್ಟು ಕಳಿಸುವ ಬದಲು ಒಂದು ಕೆಲಸ ಹೇಳಿ. ಮಾಡಿನ ಜಂತೆ, ತೊಲೆ ಸೇರುವ ಜಾಗ, ಕಂಬದ ತಲೆಯ ಬೋದಿಗೆ, ಬಾಗಿಲವಾಡದ ಕೆತ್ತನೆ, ಇವನ್ನು ಅಳತೆ ಹಿಡಿದು ಹತ್ತಿರದಿಂದ ಬರೆದುಕೊಡಲಿ, ಒಂದು ಪ್ರತಿ ಮನೆಯಲ್ಲಿ ಇರಲಿ. ನಾಳೆ ಬಡಗಿ ಬಂದಾಗ ಫೋಟೋಗಿಂತ ಇದು ಜಾಸ್ತಿ ಕೆಲಸಕ್ಕೆ ಬರುತ್ತದೆ. ಫೋಟೋದಲ್ಲಿ ಕತ್ತಲೆ ಮೂಲೆ ಕತ್ತಲೆಯಾಗೇ ಇರುತ್ತದೆ. ಬರೆಯುವವನು ಮಾತ್ರ ಮರ ಮರದೊಳಗೆ ಹೇಗೆ ಕೂತಿದೆ ಅಂತ ಬಗ್ಗಿ ನೋಡಿ ಬರೆಯುತ್ತಾನೆ.

ಬೀದರ್ ಬಿಸಿಲು:

ಎಲ್ಲಾರೂ ಹಸರು, ಹಾವಸೆ, ಟಾರ್ಪಾಲು ಅಂತೀರಲ್ರೀ, ಕರ್ನಾಟಕ ಅಂದ್ರ ಮಲೆನಾಡು ಅಷ್ಟೇ ಏನು? ನಮ್ಮ ಕಡೆ ಒಮ್ಮೆ ಬರ್ರಿ.

ಬೀದರ ಊರು ಕೂತಿರುವುದೇ ಕೆಂಪು ಕಲ್ಲಿನ ಹಾಸಿನ ಮೇಲೆ. ನಿಮ್ಮ ಕುಮಟಾ ಕಡೆಯ ಚಿರೆಕಲ್ಲಿನ ಜಾತಿಯದೇ. ಕೋಟೆಯ ಕಂದಕವನ್ನು ಆ ಕಲ್ಲನ್ನೇ ಕಡಿದು ಮಾಡಿದ್ದಾರೆ. ಆದರೆ ಇಲ್ಲಿ ಮಳೆ ಕಡಿಮೆ, ಬಿಸಿಲು ಜಾಸ್ತಿ. ಅದೇ ಕಲ್ಲು ನಿಮ್ಮಲ್ಲಿ ಹಸಿರಾಗುತ್ತದೆ, ನಮ್ಮಲ್ಲಿ ಸುಟ್ಟ ಇಟ್ಟಿಗೆ ಬಣ್ಣಕ್ಕೆ ತಿರುಗಿ ಪುಡಿ ಉದುರುತ್ತದೆ. ಹೊಲದ ಕಪ್ಪು ಮಣ್ಣು, ಊರಿನ ಕೆಂಪು ಕಲ್ಲು, ಮೇಲೆ ಬಿಳಿ ಆಕಾಶ. ಏಪ್ರಿಲ್ ತಿಂಗಳಲ್ಲಿ ಮೂರೇ ಬಣ್ಣ.

ಈಗ ಮಹಮೂದ್ ಗಾವಾನರ ಮದರಸಾದ ಮಾತು. ಬಹಮನಿ ಸುಲ್ತಾನರ ಮಂತ್ರಿ ಗಾವಾನ್ 1472ರಲ್ಲಿ ಕಟ್ಟಿಸಿದ್ದು. ಎದುರಿನ ಗೋಡೆಗೆ, ಮಿನಾರಿಗೆ ನೀಲಿ, ಹಸಿರು, ಬಿಳಿ ಟೈಲು ಹಚ್ಚಿದ್ದರು. ಔರಂಗಜೇಬನ ಕಾಲಕ್ಕೆ, 1696ರಲ್ಲಿ ಒಳಗಿದ್ದ ಮದ್ದು ಸಿಡಿದು ಕಟ್ಟಡದ ಒಂದು ಭಾಗ ಹಾರಿಹೋಯಿತು. ಎರಡು ಮಿನಾರುಗಳಲ್ಲಿ ಒಂದು ಉಳಿದಿದೆ. ಉಳಿದದ್ದರ ಮೇಲೂ ಟೈಲು ಅಲ್ಲಲ್ಲಿ ಮಾತ್ರ, ಅಂಕುಡೊಂಕು ಪಟ್ಟೆ ಪಟ್ಟೆಯಾಗಿ.

ನನಗೆ ಬರೆಯಲು ಹುರುಪು ಬರುವುದು ಟೈಲು ಇರುವ ಜಾಗ ನೋಡಿ ಅಲ್ಲ, ಉದುರಿದ ಜಾಗ ನೋಡಿ. ಟೈಲು ಬಿದ್ದಲ್ಲಿ ಬರೀ ಗಾರೆ ಕಾಣುತ್ತದೆ, ಬಿಸಿಲಿಗೆ ಬಿಳಿಚಿದ ಕಂದು. ಮಧ್ಯಾಹ್ನದ ಬಿಸಿಲಲ್ಲಿ ಅದು ಪೂರ್ತಿ ಚಪ್ಪಟೆ. ಬೆಳಗ್ಗೆ 7ರ ಹೊತ್ತಿಗೆ ಹೋದರೆ ಓರೆ ಬೆಳಕಿಗೆ ಪ್ರತಿ ಅಂಚಿಗೂ ಒಂದು ಸಣ್ಣ ನೆರಳು ಏಳುತ್ತದೆ, ಟೈಲಿನ ಜೋಡಣೆ ಹೇಗಿತ್ತು ಅಂತ ಆ ನೆರಳಿನಲ್ಲೇ ತಿಳಿಯುತ್ತದೆ. ಅರ್ಧ ತಾಸು ಸಿಗುತ್ತದೆ, ಆಮೇಲೆ ಮುಗೀತು. ನೀಲಿ ಬಣ್ಣ ಸ್ವಲ್ಪವೇ ಇರುವುದಕ್ಕೆ ಕಣ್ಣು ಅಲ್ಲಿಗೇ ಹೋಗುತ್ತದೆ. ಇಡೀ ಗೋಡೆ ನೀಲಿ ಇದ್ದಾಗ ಹೇಗಿತ್ತೋ, ಆದರೆ ಚಿತ್ರಕ್ಕೆ ಈಗಿನ ಅಳತೆಯೇ ಸರಿ ಅನ್ನಿಸುತ್ತದೆ. ಇತಿಹಾಸ ಓದಿದವರು ಬೈಯಬಹುದು, ಬೈಯಲಿ.

ನಮ್ಮ ಕಡೆ ಹಳ್ಳಿಯ ಮಾಳಿಗೆ ಮನೆಗಳೂ ಹಾಗೇ. ಮೇಲೆ ಮಣ್ಣಿನ ಚಾವಣಿ. ಮಳೆ ಬರುವ ಮುಂಚೆ ಸವಳು ಮಣ್ಣು ಹೊತ್ತು ಹಾಕುತ್ತಾರೆ, ಅದು ನೀರು ಇಳಿಯಲು ಬಿಡುವುದಿಲ್ಲ. ಮೇ ತಿಂಗಳ ಕೊನೆಗೆ ಹೋದರೆ ಚಾವಣಿ ಮೇಲೆ ಹೊಸ ಮಣ್ಣಿನ ಬಣ್ಣ ಕಾಣುತ್ತದೆ. ಹಳೇ ಗೋಡೆ, ಹೊಸ ತಲೆ. ಅದು ನಮ್ಮ ಋತು.

ಒದ್ದೆ ಕುಂಚ:

ಬೀದರ್ ಅಣ್ಣ, ಆ ಅರ್ಧ ತಾಸಿನಲ್ಲಿ ಜಲವರ್ಣ ಮುಗಿಸುತ್ತೀರಾ?

ಬೀದರ್ ಬಿಸಿಲು:

ಇಲ್ಲರೀ. ಪೆನ್ನಲ್ಲಿ ನೆರಳು ಮಾತ್ರ ಹಿಡಿಯುತ್ತೇನೆ. ಬಣ್ಣ ಮನೆಗೆ ಬಂದು. ಗೆರೆ ಬೇಕು ಅನ್ನುವವರು ಕೆ. ಕೆ. ಹೆಬ್ಬಾರರ ರೇಖಾಚಿತ್ರ ನೋಡಬೇಕು. ಉಡುಪಿ ಹತ್ತಿರದ ಕಟ್ಟಿಂಗೇರಿಯವರು, ಎತ್ತದೆ ಎಳೆದ ಒಂದು ಗೆರೆಯಲ್ಲಿ ಕುಣಿಯುವವರ ಮೈ ಪೂರ್ತಿ ತರುತ್ತಿದ್ದರು. ಕಟ್ಟಡಕ್ಕೂ ಅಷ್ಟೇ ಕಡಿಮೆ ಗೆರೆ ಸಾಕು. ನಾವು ಇಟ್ಟಿಗೆ ಎಣಿಸಿ ಬರೆಯುತ್ತೇವೆ, ಅದು ಬ್ಯಾಡ.

ಹೇಮಾವತಿ:

ಹಾಸನದವಳು. ಶೆಟ್ಟಿಹಳ್ಳಿ ಚರ್ಚ್ ಬಗ್ಗೆ ಯಾರೂ ಹೇಳದಿರುವುದು ಆಶ್ಚರ್ಯ! ನೀರು, ಋತು, ಹಳೇ ಕಟ್ಟಡ ಮೂರೂ ಒಂದೇ ಕಡೆ.

ಗೊತ್ತಿಲ್ಲದವರಿಗೆ: ಹಾಸನದಿಂದ ಸುಮಾರು 20 ಕಿ.ಮೀ. 19ನೇ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು, ಚೂಪು ಕಮಾನಿನ ಗಾಥಿಕ್ ಶೈಲಿ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದ ಮೇಲೆ ಊರು ಖಾಲಿಯಾಯಿತು, ಚರ್ಚ್ ಹಿನ್ನೀರಿನಲ್ಲಿ ನಿಂತಿತು. ಒಳ್ಳೇ ಮಳೆಯಾದ ವರ್ಷ ಆಗಸ್ಟ್ ಹೊತ್ತಿಗೆ ಅರ್ಧಕ್ಕಿಂತ ಜಾಸ್ತಿ ಮುಳುಗುತ್ತದೆ, ಬೇಸಿಗೆಯಲ್ಲಿ ಒಳಗೆ ನಡೆದುಕೊಂಡು ಹೋಗಬಹುದು. ಮಾಡು ಇಲ್ಲ, ಗೋಡೆ ಮತ್ತು ಕಮಾನು ಮಾತ್ರ.

ಎಲ್ಲರೂ ಬರೆಯುವುದು ನೀರಲ್ಲಿ ಮುಳುಗಿದ ನೋಟ. ನೀರಿನಲ್ಲಿ ಕಮಾನಿನ ನೆರಳು, ಒಂದು ಬೆಳ್ಳಕ್ಕಿ, ಆಯಿತು. ನನ್ನ ಮಾತು ಕೇಳಿದರೆ ಫೆಬ್ರವರಿ, ಮಾರ್ಚಿಯಲ್ಲಿ ಹೋಗಿ. ನೀರು ಇಳಿಯುತ್ತಾ ಇಳಿಯುತ್ತಾ ಗೋಡೆ ಮೇಲೆ ಅಡ್ಡ ಪಟ್ಟೆ ಬಿಟ್ಟಿರುತ್ತದೆ. ಗಾರೆ ಕೆಲಸ ಅವರು ಹೇಳಿದ ಕಪ್ಪು ಪಟ್ಟೆ ಮೇಲಿಂದ ಕೆಳಗೆ ಇಳಿಯುತ್ತದೆ. ಇಲ್ಲಿ ಎಲ್ಲ ಅಡ್ಡ. ಮೇಲಿನ ಪಟ್ಟೆ ಒಣಗಿ ಬೂದು, ಅದರ ಕೆಳಗೆ ಮಾಸಲು ಕಂದು, ಬುಡದಲ್ಲಿ ಇನ್ನೂ ಹಸಿ ಕೆಸರು. ಅಣೆಕಟ್ಟಿನ ನೀರು ಯಾವ ಮಟ್ಟದಲ್ಲಿ ಎಷ್ಟು ದಿನ ನಿಂತಿತು ಅನ್ನುವುದು ಗೋಡೆ ನೋಡಿದರೆ ಗೊತ್ತಾಗುತ್ತದೆ. ಹೆಚ್ಚು ದಿನ ನಿಂತಲ್ಲಿ ಪಟ್ಟೆ ಗಾಢ.

ಸುತ್ತಲಿನ ನೆಲವೂ ಹಾಗೇ. ನೀರು ಬಿಟ್ಟ ಕಡೆ ಮೊದಲು ಬಿರುಕು ಮಣ್ಣು, ಆಮೇಲೆ ಎಳೆ ಹುಲ್ಲು, ಅದರ ಮೇಲೆ ದನ. ಬೇಸಿಗೆಯಲ್ಲಿ ಹಸಿರು ಕಾಣುವ ಅಪರೂಪದ ಜಾಗ ಅದು.

ಗೋಡೆ ದುರ್ಬಲವಾಗಿದೆ. ದಯವಿಟ್ಟು ಹತ್ತಬೇಡಿ, ಕಮಾನಿನ ಕೆಳಗೆ ಕೂರಬೇಡಿ. ಹೊರಗಿನಿಂದ, ದೂರದಿಂದ ಬರೆಯಿರಿ.

ಬಾನುಲಿ:

ಒಂದೇ ಗೋಡೆ ಮತ್ತೆ ಮತ್ತೆ ಅನ್ನುವ ಮಾತಿಗೆ ಒಂದು ಸೇರ್ಪಡೆ. ನಾನೀಗ ಫ್ರಾನ್ಸ್‌ನಲ್ಲಿ ಇದ್ದೇನೆ. ರೂಆನ್ ಊರಿನ ಕೆಥೆಡ್ರಲನ್ನು, ಅಂದರೆ ಅಲ್ಲಿನ ದೊಡ್ಡ ಚರ್ಚನ್ನು, ಫ್ರೆಂಚ್ ಚಿತ್ರಕಾರ ಮೋನೆ 1892 ಮತ್ತು 1893ರಲ್ಲಿ ಎದುರಿನ ಕಟ್ಟಡಗಳಿಂದ ನೋಡಿ ಬರೆದ. 30ಕ್ಕೂ ಹೆಚ್ಚು ಚಿತ್ರ, ಬೆಳಗ್ಗೆ, ಮಧ್ಯಾಹ್ನ, ಮಂಜು, ಬಿಸಿಲು. ಹಲವು ಕ್ಯಾನ್ವಾಸ್ ಒಟ್ಟಿಗೆ ಇಟ್ಟುಕೊಂಡು ಬೆಳಕು ಬದಲಾದಂತೆ ಒಂದರಿಂದ ಇನ್ನೊಂದಕ್ಕೆ ಹೋಗುತ್ತಿದ್ದ. ನಾನು ನೋಡಿದ್ದೇನೆ, ಕಟ್ಟಡ ಅಷ್ಟು ದೊಡ್ಡದು, ಅವನು ಹಿಡಿದದ್ದು ಮುಂಭಾಗ ಮಾತ್ರ. ಆದರೆ ಅವನಿಗೆ ಬೇಕಾದದ್ದು ಗೋಡೆ ಮೇಲಿನ ಬೆಳಕು. ನಮ್ಮವರು ಇಲ್ಲಿ ಹೇಳುತ್ತಿರುವುದು ಗೋಡೆ ಹೇಗೆ ಬದಲಾಯಿತು ಅಂತ. ನನಗೆ ಇದು ಹೆಚ್ಚು ಕುತೂಹಲ, ಪ್ರಾಮಾಣಿಕವಾಗಿ.

ತೊಟ್ಟಿಮನೆಯವರೇ, ಹಿಂದೆ ನಾನು ಹೇಳಿದ್ದು ಒರಟಾಯಿತೇನೋ.

ತೊಟ್ಟಿಮನೆ:

ಪರವಾಗಿಲ್ಲ ಬಿಡಿ.

ಕೆಮ್ಮಣ್ಣು:

ಬಣ್ಣದ ಮಾತು ಬರಲೇ ಇಲ್ಲ, ನಾನು ಶುರು ಮಾಡುತ್ತೇನೆ.

ಕೆಂಪು ಕಲ್ಲಿನ ಕೆಂಪು ಅಂದರೆ ಕಬ್ಬಿಣದ ಅಂಶ. ಟ್ಯೂಬಿನಲ್ಲಿ ಬರುವ ಬರ್ನ್ಟ್ ಸಿಯೆನ್ನ, ಲೈಟ್ ರೆಡ್ ಇವುಗಳಲ್ಲೂ ಅದೇ ಕಬ್ಬಿಣದ ಮಣ್ಣು. ಹಾಗಾಗಿ ಕಷ್ಟಪಟ್ಟು ಬಣ್ಣ ಹುಡುಕಬೇಕಿಲ್ಲ. ಒದ್ದೆ ಕಲ್ಲಿಗೆ ಬರ್ನ್ಟ್ ಸಿಯೆನ್ನಕ್ಕೆ ಅಲ್ಟ್ರಾಮರೀನ್ ನೀಲಿ ಸೇರಿಸಿ. ನೀಲಿ ಜಾಸ್ತಿ ಆದರೆ ಮೋಡದ ಬೂದು, ಸಿಯೆನ್ನ ಜಾಸ್ತಿ ಆದರೆ ನೆನೆದ ಕಲ್ಲು. ಆಕಾಶ ಮತ್ತು ಗೋಡೆ ಎರಡಕ್ಕೂ ಅದೇ ಎರಡು ಬಣ್ಣ ಇದ್ದಾಗ ಚಿತ್ರ ತಾನಾಗೇ ಒಂದೇ ದಿನದ್ದು ಅನ್ನಿಸುತ್ತದೆ. ಕಲ್ಲು ಒದ್ದೆಯಾದಾಗ ಗಾಢ ಆಗುವುದು ರಂಧ್ರಗಳಲ್ಲಿ ನೀರು ತುಂಬಿ ಬೆಳಕು ಕಡಿಮೆ ವಾಪಸ್ ಬರುವುದರಿಂದ. ಹಾಗಂತ ಕಪ್ಪು ಬಣ್ಣ ಹಾಕಬೇಡಿ, ಸತ್ತಂತೆ ಕಾಣುತ್ತದೆ.

ಟ್ಯೂಬಿನ ಹಸಿರನ್ನು ಹಾವಸೆಗೆ ನೇರವಾಗಿ ಬಳಸಬೇಡಿ. ಹಳದಿ ಮಣ್ಣಿನ ಬಣ್ಣ, ಅಂದರೆ ಯೆಲ್ಲೋ ಓಕರ್, ಅದಕ್ಕೆ ಸ್ವಲ್ಪ ನೀಲಿ. ಕೆಳಗೆ ಕೆಂಪು ಒಣಗಿದ ಮೇಲೆ ತೆಳುವಾಗಿ ಮೇಲೆ ಬಿಡಿ. ಒಳಗಿನ ಕೆಂಪು ಹಸಿರಿನ ಮೂಲಕ ಇಣುಕಬೇಕು, ಗೋಡೆ ಮೇಲೂ ಹಾಗೇ ತಾನೇ ಇರುವುದು.

ಕುಮಟಾ, ಅಂಕೋಲಾ ಕಡೆ ಹೋದವರು ಕಾವಿ ಕಲೆ ನೋಡಿಯೇ ಬನ್ನಿ. ದೇವಸ್ಥಾನದ ಸುಣ್ಣದ ಗೋಡೆ ಮೇಲೆ ಕೆಮ್ಮಣ್ಣಿನ ಪದರ ಹಚ್ಚಿ, ಅದು ಹಸಿ ಇರುವಾಗಲೇ ಗೀರಿ ಕೆರೆದು ಬಿಳಿ ತೆಗೆದು ಮಾಡುವ ಚಿತ್ರ. ಅಲ್ಲಿನ ನೆಲದ ಬಣ್ಣವೇ ಗೋಡೆಗೆ ಏರಿದ್ದು. ಗೋವಾದಿಂದ ಉತ್ತರ ಕನ್ನಡದ ತನಕ ಇತ್ತು. ಜೀರ್ಣೋದ್ಧಾರ ಅಂತ ಮೇಲೆ ಆಯಿಲ್ ಪೇಂಟ್ ಬಳಿದು ಎಷ್ಟೋ ಹೋಗಿವೆ. ನಾನು ಹೋದಲ್ಲೆಲ್ಲ ಸ್ವಲ್ಪ ಕೆಮ್ಮಣ್ಣು ಕಾಗದದಲ್ಲಿ ಕಟ್ಟಿಕೊಂಡು ಬಂದು, ಜರಡಿ ಹಿಡಿದು, ಗೋಂದು ಸೇರಿಸಿ ಬಣ್ಣ ಮಾಡಿಕೊಳ್ಳುತ್ತೇನೆ. ಸಂರಕ್ಷಿತ ಜಾಗದ ಒಳಗಿಂದ ತರಬೇಡಿ, ರಸ್ತೆ ಪಕ್ಕದ ಗುಡ್ಡ ಕಡಿದಲ್ಲಿ ಬೇಕಾದಷ್ಟು ಸಿಗುತ್ತದೆ.

ಒದ್ದೆ ಕುಂಚ:

ಮಳೆಯಲ್ಲಿ ಪೇಪರ್ ಒಣಗದ ಸಮಸ್ಯೆಗೆ ಏನು ಮಾಡುತ್ತೀರಿ? ಮಿರ್ಜಾನಿನಲ್ಲಿ ಮೊದಲ ವಾಶ್, ಅಂದರೆ ನೀರು ಬೆರೆಸಿ ಬಿಟ್ಟ ತೆಳು ಬಣ್ಣ, ಒಣಗುವ ಲಕ್ಷಣವೇ ಇರಲಿಲ್ಲ.

ಚಿರೆಕಲ್ಲು:

ಒಣಗುವುದಿಲ್ಲ, ಕಾಯಬೇಡಿ. ಒದ್ದೆ ಮೇಲೆ ಒದ್ದೆ ಬಿಡುವ ಕೆಲಸ ಮಾತ್ರ ಅಲ್ಲಿ ಮಾಡಿ: ಆಕಾಶ, ದೂರದ ಗುಡ್ಡ, ಅಘನಾಶಿನಿ ಕಡೆಯ ಮಬ್ಬು. ಗೋಡೆಯ ವಿವರಕ್ಕೆ ಪೆನ್ಸಿಲ್ ಟಿಪ್ಪಣಿ. ನೂರಕ್ಕೆ ನೂರು ಹತ್ತಿಯ 300 ಜಿಎಸ್ಎಂನ ದಪ್ಪ ಪೇಪರ್ ಇರಲಿ, ತೆಳುವಾದದ್ದು ಆ ತೇವಕ್ಕೆ ಸೊಟ್ಟಗಾಗುತ್ತದೆ. ಮುಗಿದ ಚಿತ್ರವನ್ನು ಪ್ಲಾಸ್ಟಿಕ್ ಕವರಿನಲ್ಲಿ ಮುಚ್ಚಿಡಬೇಡಿ, ಬೂಷ್ಟು ಬರುತ್ತದೆ.

ಡ್ರಾಯಿಂಗ್ ಮೇಷ್ಟ್ರು:

ಇದ್ದಿಲು ಮರೆಯಬೇಡಿ. ಮಳೆಗಾಲಕ್ಕೆ ಅದೇ ನನ್ನ ಗೆಳೆಯ, ಒಣಗಿಸುವ ಗೋಜಿಲ್ಲ. ಇನ್ನೊಂದು, ಪುರಾತತ್ವ ಇಲಾಖೆಯ ಜಾಗಗಳಲ್ಲಿ ಕೂತು ಪುಸ್ತಕದಲ್ಲಿ ಬರೆಯುವವರಿಗೆ ಸಾಮಾನ್ಯವಾಗಿ ಯಾರೂ ಏನೂ ಅನ್ನುವುದಿಲ್ಲ. ಟ್ರೈಪಾಡ್ ಅಂದರೆ ಅನುಮತಿ ಕೇಳುತ್ತಾರೆ. ಈಸೆಲ್ ತೆಗೆದುಕೊಂಡು ಹೋಗುವವರು ಮೊದಲೇ ಕಾವಲುಗಾರರನ್ನು ಮಾತಾಡಿಸಿ.

ಒದ್ದೆ ಕುಂಚ:

ಸರಿ, ತೀರ್ಮಾನ ಮಾಡಿದೆ. ನಮ್ಮ ಬೀದಿ ಕೊನೆಯಲ್ಲಿ ಒಂದು ಹಳೇ ಬಂಗಲೆಯ ಕಾಂಪೌಂಡ್ ಇದೆ. ಕಲ್ಲು ಚಪ್ಪಡಿ, ಮೇಲೆ ಗಾರೆ, ಒಂದು ಕಡೆ ಅರಳಿ ಸಸಿ ಬಿರುಕು ಬಿಡಿಸಿದೆ. ಈ ಸಲ ರೋಹಿಣಿಯಿಂದ ಶುರು ಮಾಡುತ್ತೇನೆ. ಚಿತ್ರ ಇಲ್ಲೇ ಹಾಕುತ್ತೇನೆ, ಬೈಯಬೇಕು ಅನ್ನಿಸಿದರೆ ಬೈಯಿರಿ.

ಗಾರೆ ಕೆಲಸ:

ಅರಳಿ ಸಸಿಯನ್ನು ಮೊದಲ ಪುಟದಲ್ಲೇ ಬರೆದುಕೊಳ್ಳಿ. ಕಾರ್ಪೊರೇಷನ್ನಿನವರೋ ಮನೆಯವರೋ ಯಾವಾಗ ಕಿತ್ತು ಹಾಕುತ್ತಾರೆ ಹೇಳಲಾಗದು. ಕೀಳದಿದ್ದರೆ ಗೋಡೆ ಹೋಗುತ್ತದೆ, ಎರಡರಲ್ಲಿ ಒಂದು.

ತೊಟ್ಟಿಮನೆ:

ಗಾರೆ ಕೆಲಸದವರ ಮಾತನ್ನು ಅಪ್ಪನಿಗೆ ಓದಿ ಹೇಳಿದೆ. ಅಳತೆ ಹಿಡಿದು ಬರೆದುಕೊಡುವುದಾದರೆ ಬರಲಿ ಅಂದರು. ಈ ವೇದಿಕೆಯಿಂದ ಯಾರಾದರೂ ಇಬ್ಬರು, ಮೂವರು ಬರುವುದಾದರೆ ಆರಿದ್ರಾ ಕಳೆದ ಮೇಲೆ ಬೇಡ, ಮುಂಚೆಯೇ ಬನ್ನಿ. ಆಮೇಲೆ ಅಟ್ಟದಲ್ಲಿ ಕತ್ತಲೆ, ಕರೆಂಟೂ ಇರುವುದಿಲ್ಲ. ಟಾರ್ಚ್, ಅಳತೆ ಟೇಪು ನೀವೇ ತನ್ನಿ. ಊಟ ನಮ್ಮಲ್ಲೇ. ಪಡುವಣ ಜಗುಲಿಯ ತುದಿಗೆ ಮಾತ್ರ ಕೂರಬೇಡಿ, ಅಲ್ಲಿ ಹೆಂಚು ಸಡಿಲ ಇದೆ.

ಬೀದರ್ ಬಿಸಿಲು:

ನಾ ಬರ್ತೀನ್ರೀ ಅಕ್ಕಾ. ಏಣಿ ಐತೇನು ಮನ್ಯಾಗ?

ತೊಟ್ಟಿಮನೆ:

ಇದೆ. ಮೇಲಿಂದ ಎರಡನೇ ಮೆಟ್ಟಿಲು ಇಲ್ಲ.